ಇಪ್ಪತ್ತಮೂರನೆಯ ಕಿಂಡಿ

ಮಾರ್ಚ್ ಹನ್ನೊಂದು, ಮಂಗಳವಾರ, ಸಂಜೆ ನಾಲ್ಕು ಗಂಟೆ ಮೂವತ್ತೆಂಟು ನಿಮಿಷ. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆಗಷ್ಟೇ ನೂರಾ ಇಪ್ಪತ್ತಮೂರನೆಯ ಕಿಂಡಿಗೆ ಬಾಯಿಟ್ಟು ಗಂಟೆ ಎಷ್ಟೆಂದು ಕೇಳಿದ್ದೆ, ಆ ಕಿಂಡಿ ಹೊತ್ತು ಹೇಳುವುದರಲ್ಲಿ ಎಂದೂ ತಪ್ಪಿದ್ದಿಲ್ಲ. ಅಲ್ಲಿಂದ ನಾಲ್ಕು ಹೆಜ್ಜೆ ಎಡಕ್ಕೆ ಬಂದು, ಇಪ್ಪತ್ತಮೂರನೆಯ ಕಿಂಡಿಯ ಚಿಲಕ ತೆಗೆದು, ಮೂರು ವಾಕ್ಯ ಮಾತಾಡಿದೆ. ಆ ಮೂರು ವಾಕ್ಯಗಳನ್ನು ಈಗ ಯಾರಾದರೂ ಕೇಳಿದರೆ ಒಂದಕ್ಷರ ತಪ್ಪದಂತೆ ಹೇಳಬಲ್ಲೆ. ಯಾರೂ ಕೇಳುವುದಿಲ್ಲ. ಊರಿಗೆಲ್ಲ ಅವು ಗೊತ್ತಿವೆ.

ನಮ್ಮ ಊರಿನಲ್ಲಿ ಮಾತು ಬಾಗಿಲಿನಿಂದ ಓಡಾಡುವುದಿಲ್ಲ. ಬಾಗಿಲು ಕಾಲಿಗೆ, ಕಿಂಡಿ ಮಾತಿಗೆ. ಪ್ರತಿ ಮನೆಯ ಜಗಲಿಯ ಗೋಡೆಯಲ್ಲೂ ಬೊಗಸೆಯಗಲದ ಕಿಂಡಿಗಳು ಸಾಲಾಗಿವೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಒಂದು ಕ್ರಮ. ಕಿಂಡಿಗೆ ಬಾಯಿಟ್ಟು ಮನೆಯ ಹೆಸರು ಹೇಳಿ ಮಾತಾಡಿದರೆ, ಆ ಮನೆಯ ಅದೇ ಸಂಖ್ಯೆಯ ಕಿಂಡಿಯಲ್ಲಿ ಮಾತು ಕೇಳಿಸುತ್ತದೆ. ಸಂಖ್ಯೆ ತಪ್ಪಿದರೆ ಮಾತು ಗೋಡೆಯ ಬುಡದಲ್ಲೇ ಉದುರಿಬಿಡುತ್ತದೆ. ಬೆಳಿಗ್ಗೆ ಅದನ್ನು ಕಸದ ಜೊತೆ ಗುಡಿಸಬೇಕು. ಕಾಗದ ಕಳಿಸಲು ಇಪ್ಪತ್ತೈದು. ಬಂದ ಕಾಗದ ತೆಗೆದುಕೊಳ್ಳಲು ಎರಡು ದಾರಿ: ನೂರಾ ಹತ್ತರಲ್ಲಿ ತೆಗೆದರೆ ಕಾಗದ ತೆಗೆದವರ ಕೈಗೇ ಬಂದು ಕಿಂಡಿ ಖಾಲಿಯಾಗುತ್ತದೆ, ನೂರಾ ನಲವತ್ತಮೂರರಲ್ಲಿ ಓದಿದರೆ ಕಾಗದ ಅಲ್ಲೇ ಉಳಿಯುತ್ತದೆ, ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಓದಬಹುದು. ಹೊಸದಾಗಿ ಮದುವೆಯಾದವರು ನೂರಾ ಹತ್ತು ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ಸಾಮಾನು ಬೇಕಾದರೆ ಇಪ್ಪತ್ತೊಂದರಲ್ಲಿ ಕೇಳಬೇಕು, ಅದು ಇಪ್ಪತ್ತರಲ್ಲಿ ಬಂದು ಬೀಳುತ್ತದೆ. ಹಾಗಾಗಿ ಸೊಸೆ ಒಂದು ಕಿಂಡಿಯಲ್ಲಿ ಕೂಗುತ್ತಿದ್ದರೆ ಅತ್ತೆ ಪಕ್ಕದ ಕಿಂಡಿಯ ಕೆಳಗೆ ಚೀಲ ಬಿಡಿಸಿಕೊಂಡು ನಿಂತಿರುವುದನ್ನು ಯಾವ ಬೀದಿಯಲ್ಲಿ ಬೇಕಾದರೂ ನೋಡಬಹುದು.

ಇನ್ನು ಇಪ್ಪತ್ತೆರಡು ಮತ್ತು ಇಪ್ಪತ್ತಮೂರು. ಎರಡೂ ಒಂದೇ ಕೆಲಸಕ್ಕೆ ಇರುವ ಕಿಂಡಿಗಳು: ದೂರದಲ್ಲಿದ್ದುಕೊಂಡೇ ಇನ್ನೊಬ್ಬರ ಎದುರಿಗೆ ಕೂತಂತೆ ಮಾತಾಡುವುದಕ್ಕೆ. ಇಪ್ಪತ್ತಮೂರು ಹಳೆಯದು, ಸುಲಭದ್ದು. ಚಿಲಕ ತೆಗೆದು ಮಾತಾಡಿದರೆ ಮುಗಿಯಿತು. ಆದರೆ ಅಲ್ಲಿ ಆಡಿದ ಮಾತು ದಾರಿಯುದ್ದಕ್ಕೂ ಬರುವ ಪ್ರತಿ ಮನೆಯ ಇಪ್ಪತ್ತಮೂರರಲ್ಲೂ ಕೇಳಿಸುತ್ತ ಹೋಗುತ್ತದೆ. ನೀರು ಬಿಟ್ಟ ಸುದ್ದಿಗೆ, ಸಾವಿನ ಸುದ್ದಿಗೆ ಅದು ಒಳ್ಳೆಯದೇ. ಇಪ್ಪತ್ತೆರಡರಲ್ಲಿ ಆಡಿದ್ದು ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ಕೇಳುವುದಿಲ್ಲ. ಆದರೆ ಅದಕ್ಕೆ ತಾಳ್ಮೆ ಬೇಕು. ಮೊದಲು ಆ ಕಡೆಯ ಕಿಂಡಿ ತನ್ನ ಗುರುತನ್ನು ತಟ್ಟುತ್ತದೆ. ಪ್ರತಿ ಮನೆಗೂ ತನ್ನದೇ ಒಂದು ತಟ್ಟು. ಅದನ್ನು ನಮ್ಮ ಕೈಯಲ್ಲಿರುವ ಗುರುತಿನ ಚೀಟಿಯೊಂದಿಗೆ ಹೋಲಿಸಿ ನೋಡಬೇಕು. ಸರಿಹೊಂದಿದರೆ ಮಾತು. ಹೊಂದದಿದ್ದರೆ ಕಿಂಡಿ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಆ ಮನೆಗೇ ಹೋಗಿ, ನಿಮ್ಮ ಗುರುತು ಬದಲಾಗಿದೆಯೇ ಎಂದು ಮುಖ ನೋಡಿ ಕೇಳಬೇಕು. ಇದನ್ನು ನಾನು ಒಂಬತ್ತು ವರ್ಷ ಪಾಠ ಮಾಡಿದ್ದೇನೆ.

ನನ್ನ ಹೆಸರು ಕುಮುದ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಅಳತೆ ಬರೆಯುವಾಗ ಅದರ ಪಕ್ಕದಲ್ಲಿ ತಪ್ಪಿನ ಮಿತಿಯನ್ನೂ ಬರೆಯಬೇಕೆಂದು ಅಲ್ಲಿ ಕಲಿಸಿದ್ದರು, ಅದು ಹಾಗೇ ಅಭ್ಯಾಸವಾಗಿ ಉಳಿದಿದೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಾವಲು ಪರೀಕ್ಷೆಗೆ ಕೂರುವವರಿಗೆ ತರಗತಿ ನಡೆಸುತ್ತಿದ್ದೆ. ಯಾವ ಕಿಂಡಿಗೆ ಯಾವ ಸಂಖ್ಯೆ, ಯಾವುದು ಬಿಚ್ಚು ಮಾತಿನದು, ಯಾವುದು ಮುಚ್ಚು ಮಾತಿನದು, ಯಾವುದನ್ನು ತೆರೆದಿಡಬೇಕು, ಯಾವುದನ್ನು ಸದಾ ಹಾಕಿರಬೇಕು: ತೊಂಬತ್ತು ಪ್ರಶ್ನೆ, ತೊಂಬತ್ತು ನಿಮಿಷ. ಮೊದಲು ಈ ಪರೀಕ್ಷೆ ಊರ ಕಿಂಡಿ ಕಚೇರಿಯವರಿಗೆ ಮಾತ್ರ ಇತ್ತು. ಈ ವರ್ಷದಿಂದ ಬೀದಿ ಬೀದಿಯ ಕಿಂಡಿ ಕಾವಲುಗಾರರಿಗೂ ಪ್ರಮಾಣಪತ್ರ ಬೇಕೆಂದು ಊರ ಸಭೆ ಗೊತ್ತುಮಾಡಿತು. ಇಲ್ಲದವರು ಏಪ್ರಿಲ್ ಒಂದಕ್ಕೆ ಬೀಗದಕೈ ಗೊಂಚಲನ್ನು ಒಪ್ಪಿಸಬೇಕು.

ಹಾಗಾಗಿ ಜನವರಿಯ ಒಂದು ಬೆಳಿಗ್ಗೆ ತಿಪ್ಪೇಶಪ್ಪನವರು ನಮ್ಮ ಮನೆಗೆ ಬಂದರು. ಅವರು ನನಗೆ ಹೊಸಬರಲ್ಲ. ಮೂರನೆಯ ಬೀದಿಯಿಂದ ನಮ್ಮ ಐದನೆಯ ಬೀದಿಯವರೆಗೆ ಮೂವತ್ತೊಂದು ವರ್ಷದಿಂದ ಅವರದೇ ಕಾವಲು. ಪ್ರತಿ ಬೆಳಿಗ್ಗೆ ಜಗಲಿ ಹತ್ತಿ, ಬೆರಳ ಗೆಣ್ಣಿನಿಂದ ಒಂದೊಂದು ಕದವನ್ನೂ ತಟ್ಟಿ, ಸದ್ದಿನಲ್ಲೇ ಚಿಲಕ ಬಿದ್ದಿದೆಯೋ ಇಲ್ಲವೋ ತಿಳಿದು ಮುಂದೆ ಹೋಗುತ್ತಿದ್ದರು. ಐವತ್ತೆಂಟು ವರ್ಷ, ಅಗಲವಾದ ಕೈ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸದಾ ಒಂದು ಪೆನ್ನು.

"ಮೇಡಮ್ಮೋರೆ, ಈ ವಯಸ್ಸಿಗೆ ಸ್ಲೇಟು ಹಿಡಿಯೋ ಯೋಗ ಬಂತು ನಂಗೆ," ಎಂದು ನಗುತ್ತ ಹಿಂದಿನ ಬೆಂಚಿನಲ್ಲಿ ಕೂತರು.

ಪಕ್ಕದಲ್ಲಿ ಕೂತಿದ್ದ ಜಬೀನಾ ತಕ್ಷಣ ಜಾಗ ಬಿಟ್ಟಳು. ಅವಳು ಅಂಚೆ ಕಿಂಡಿಯಲ್ಲಿ ಕೆಲಸ ಮಾಡುತ್ತಿದ್ದ ಇಪ್ಪತ್ತಾರರ ಹುಡುಗಿ. ನಾಲಿಗೆಗೆ ಚಿಲಕವಿರಲಿಲ್ಲ. "ಬನ್ನಿ ಕಾಕಾ. ನಮ್ಮನೆ ನೂರಾ ಹತ್ತರ ಚಿಲಕ ಮೂರು ಸಲ ಮುರ್ದಿದೀರಿ ನೀವು ತಟ್ಟಿ ತಟ್ಟಿ. ಇಲ್ಲಿ ಬೆಂಚು ಮುರೀಬೇಡಿ."

"ಚಿಲಕ ಮುರಿದದ್ದು ನಾನಲ್ಲಮ್ಮ. ಕಾಗದ ಬಂತಾ ಬಂತಾ ಅಂತ ದಿನಕ್ಕೆ ಹತ್ತು ಸಲ ತೆಗೆಯೋರು ಯಾರು ಅಂತ ಚಿಲಕಕ್ಕೇ ಗೊತ್ತೈತೆ," ಎಂದರು ಅವರು. ಜಬೀನಾಳ ನಿಶ್ಚಿತಾರ್ಥ ಆಗತಾನೇ ಆಗಿತ್ತು. ಇಡೀ ಕೋಣೆ ನಕ್ಕಿತು.

ತರಗತಿಯಲ್ಲಿ ಅವರಷ್ಟು ಚುರುಕಾದವರು ಇರಲಿಲ್ಲ. ನಾನು ಕೇಳಿ ಮುಗಿಸುವ ಮೊದಲೇ ಉತ್ತರ ಬರುತ್ತಿತ್ತು. ಹೆಸರುಗಳ ಪಟ್ಟಿಯ ಕಿಂಡಿ ಯಾವುದು? ಮುನ್ನೂರ ಎಂಬತ್ತೊಂಬತ್ತು, ಬೀಗ ಹಾಕಿದ್ದಾದರೆ ಆರ್ನೂರ ಮೂವತ್ತಾರು. ಯಾರ ಮನೆ ಎಲ್ಲಿದೆ ಎಂದು ಕೇಳುವುದು? ಐವತ್ಮೂರು. ಬರೆಯುವ ಅಭ್ಯಾಸ ಕೊಟ್ಟಾಗ ಮಾತ್ರ ಕನ್ನಡಕ ಮರೆತು ಬಂದಿರುತ್ತಿದ್ದರು. ಎರಡು ವಾರದಲ್ಲಿ ನಾಲ್ಕು ಸಲ ಮರೆತರು. ನಾನು ಲೆಕ್ಕ ಇಟ್ಟಿದ್ದೆ, ಆದರೆ ಅದರಿಂದ ಏನನ್ನೂ ತಿಳಿದುಕೊಳ್ಳಲಿಲ್ಲ.

ತಿಳಿದದ್ದು ಫೆಬ್ರವರಿಯಲ್ಲಿ, ಮಾದರಿ ಪ್ರಶ್ನೆಪತ್ರಿಕೆಯ ದಿನ. ಪ್ರೆಸ್ಸಿನವರ ತಪ್ಪಿನಿಂದ ಎಲ್ಲರ ಪತ್ರಿಕೆಯಲ್ಲೂ ಮೂರನೆಯ ಪುಟ ಪೂರ್ತಿ ಖಾಲಿ ಬಂದಿತ್ತು. ಜಬೀನಾ ಮೊದಲು ಕೈ ಎತ್ತಿದಳು, ಉಳಿದವರೂ ಗೊಣಗಿದರು. ತಿಪ್ಪೇಶಪ್ಪನವರು ಅಂದು ಕನ್ನಡಕ ತಂದಿದ್ದರು. ಗದ್ದಲ ಯಾಕೆಂದು ಅವರಿಗೆ ತಿಳಿಯುವ ಮೊದಲು ನಾನು ಅವರ ಕಡೆ ನೋಡಿದೆ. ಅವರು ಆ ಬಿಳಿ ಹಾಳೆಯ ಮೇಲೆ ಎಡದಿಂದ ಬಲಕ್ಕೆ, ಸಾಲಿನಿಂದ ಸಾಲಿಗೆ, ನಿಧಾನವಾಗಿ ಬೆರಳು ಎಳೆಯುತ್ತಿದ್ದರು. ಕಣ್ಣು ಹಾಳೆಯ ಮೇಲಿರಲಿಲ್ಲ, ಮುಂದಿನ ಬೆಂಚಿನವರ ಕೈಗಳ ಮೇಲಿತ್ತು. ಪುಟದ ಕೊನೆಗೆ ಬಂದಾಗ ತಲೆಯಾಡಿಸಿ ಹಾಳೆ ಮಗುಚಿದರು.

ತರಗತಿ ಮುಗಿದ ಮೇಲೆ ಅವರನ್ನು ನಿಲ್ಲಿಸಿಕೊಂಡೆ. ಹೇಗೆ ಕೇಳಬೇಕೆಂದು ತಿಳಿಯದೆ ಸುಮ್ಮನೆ ಮೂರನೆಯ ಪುಟವನ್ನು ಅವರ ಮುಂದಿಟ್ಟೆ. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಇದ್ರಲ್ಲಿ ಏನೂ ಇಲ್ಲ, ಅಲ್ವಾ?"

"ಇಲ್ಲ."

"ಗೊತ್ತಾತು ಬಿಡಿ ನಿಮಗೆ," ಎಂದು ಕನ್ನಡಕ ತೆಗೆದು ಒರೆಸಿದರು. "ಇದು ಬರೀ ಗಾಜು. ನಂಬರಿಂದೇನಲ್ಲ."

ಆಮೇಲೆ ಎದ್ದು ನನ್ನನ್ನು ಜಗಲಿಗೆ ಕರೆದುಕೊಂಡು ಹೋದರು. ಕಣ್ಣು ಮುಚ್ಚಿ ಗೋಡೆಯ ಮೂಲೆಯಿಂದ ಗೇಣು ಹಾಕುತ್ತ ಬಂದು, ಒಂದೊಂದು ಕಿಂಡಿಯ ಮೇಲೂ ಕೈಯಿಟ್ಟು ಸಂಖ್ಯೆ ಹೇಳಿದರು. ಒಂದೂ ತಪ್ಪಲಿಲ್ಲ. ಇಪ್ಪತ್ತೈದರ ಅಂಚಿನಲ್ಲಿ ಗೋಂದಿನ ಜಿಗುಟು, ಎಂಬತ್ತರ ಅಂಚು ಮೊಣಕೈ ಊರಿ ಊರಿ ಸವೆದಿದೆ, ನಾನೂರ ನಲವತ್ಮೂರಕ್ಕೆ ಎರಡು ಚಿಲಕ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆಗಳನ್ನು ಅವರು ಒಮ್ಮೆಯೂ ನೋಡಿರಲಿಲ್ಲ, ನೋಡುವ ಅಗತ್ಯ ಬಿದ್ದಿರಲಿಲ್ಲ.

"ಮನೇಲಿ?" ಎಂದು ಕೇಳಿದೆ.

"ನಮ್ಮನೇರಿಗೂ ಗೊತ್ತಿಲ್ಲ. ಮದುವೆಗೆ ಮುಂಚೆ ಹುಡುಗ ಏಳ್ನೇ ಕ್ಲಾಸು ಅಂದಿದ್ರು ನಮ್ಮಪ್ಪ. ಆಮೇಲೆ ಹೇಳೋದು ಹೆಂಗೆ? ದಿನಾ ಸಾಯಂಕಾಲ ಜಗಲೀಲಿ ಕೂತು ಪೇಪರ್ ಓದಿ ಹೇಳ್ತೀನಿ ಅವಳಿಗೆ."

"ಓದಿ?"

"ಬೆಳಿಗ್ಗೆಯಿಂದ ನೂರಾರು ಮನೆ ಜಗಲಿ ಹತ್ತಿ ಇಳೀತೀನಲ್ಲ. ಊರಿನ ಸುದ್ದಿಯೆಲ್ಲ ಕಿವಿಗೆ ಬಿದ್ದಿರ್ತೈತೆ. ಪೇಪರ್ ಬಿಡಿಸ್ಕಂಡು ಅದನ್ನೇ ಹೇಳ್ತೀನಿ. ಎರಡು ಕಾಲಂ ಆದ್ಮೇಲೆ ಹಾಳೆ ತಿರುಗಿಸ್ತೀನಿ. ಪೇಪರ್ನೋರೇ ತಪ್ಪು ಬರೀತಾರೆ, ನಂದು ತಪ್ಪಿಲ್ಲ ಇವತ್ತಿನವರೆಗೆ." ಹೇಳುತ್ತ ಸ್ವಲ್ಪ ಹೆಮ್ಮೆಯೂ ಬಂತು ಅವರ ದನಿಯಲ್ಲಿ. ಮರುಕ್ಷಣ ಅದು ಇಳಿದು ಹೋಯಿತು. "ಇದು ನಿಮ್ಮ ಹೊಟ್ಟೆಲೇ ಇರ್ಲಿ ಮೇಡಮ್ಮೋರೆ. ಕೆಲ್ಸ ಹೋದ್ರೂ ಹೋಗ್ಲಿ. ಅವಳ ಮುಂದೆ ಈ ಮುಖ ಒಂದು ಉಳೀಲಿ."

ಪರೀಕ್ಷೆಯ ನಿಯಮಗಳ ಪುಸ್ತಕವನ್ನು ಅಂದೇ ತೆಗೆದು ಓದಿದೆ. ಹದಿನಾಲ್ಕನೆಯ ನಿಯಮದಲ್ಲಿ ದಾರಿ ಸಿಕ್ಕಿತು: ಓದಲು ಬಾರದ ಅಭ್ಯರ್ಥಿ ಬಾಯಿಪರೀಕ್ಷೆ ಕೊಡಬಹುದು. ಮಾರ್ಚ್ ಹನ್ನೊಂದರ ಸಂಜೆ ಐದರೊಳಗೆ ಅವರ ಶಿಕ್ಷಕರು ಕಚೇರಿಗೆ ಗುಟ್ಟಾಗಿ ತಿಳಿಸಬೇಕು. ತಿಪ್ಪೇಶಪ್ಪನವರಿಗೆ ಹೇಳಿದೆ. ಅವರು ಬೇಡವೆಂದರು. ನಾನು ಬಿಡಲಿಲ್ಲ. ಕಚೇರಿಯ ಒಬ್ಬರಿಗೆ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ, ಪ್ರಮಾಣಪತ್ರದ ಮೇಲೆ ಬಾಯಿಪರೀಕ್ಷೆ ಎಂದು ಬರೆಯುವುದೂ ಇಲ್ಲ ಎಂದೆ. ದಿನಾಂಕ ಹತ್ತಿರ ಬಂದಂತೆ ಮತ್ತೆ ಮತ್ತೆ ಹೇಳಿದೆ. ಹತ್ತನೆಯ ತಾರೀಕು ರೌಂಡಿಗೆ ಬಂದವರು ನಮ್ಮ ಜಗಲಿಯಲ್ಲಿ ನಿಂತುಕೊಂಡು, "ಇಪ್ಪತ್ತೆರಡ್ರಲ್ಲಿ ಹೇಳ್ತೀರಲ್ವಾ?" ಎಂದು ಕೇಳಿದರು.

"ತಿಪ್ಪೇಶಪ್ಪನೋರೆ, ನಾನು ಇಪ್ಪತ್ತೆರಡನ್ನ ಪಾಠ ಮಾಡೋಳು," ಎಂದೆ. ಆ ಪ್ರಶ್ನೆಯಿಂದ ನನಗೆ ಸ್ವಲ್ಪ ಬೇಸರವೂ ಆಗಿತ್ತು.

"ಸರಿ ಹಂಗಾದ್ರೆ. ಬೆಳಿಗ್ಗೆ ಊರಿನೋರ ಇಪ್ಪತ್ಮೂರೆಲ್ಲ ಹಾಕಿಸಿದ್ರೂ ಸಾಯಂಕಾಲಕ್ಕೆ ಮತ್ತೆ ತೆಗೀತಾರೆ, ಕಚೇರಿ ದಾರೀಲಿರೋ ನಮ್ಮನೇದಂತೂ ನನ್ನ ಮಾತೇ ಕೇಳಲ್ಲ. ನೀರು ಬಿಟ್ಟಿದ್ದು ಗೊತ್ತಾಗಲ್ಲ ಅಂತ ನಮ್ಮನೇರು ತೆಗೆದೇ ಇಡ್ತಾಳೆ. ಅದಕ್ಕೆ ಕೇಳ್ದೆ," ಎಂದು ಹೇಳಿ ಇಳಿದು ಹೋದರು.

ಮರುದಿನ ಬೆಳಿಗ್ಗೆಯೇ ಹೇಳಬಹುದಿತ್ತು. ಪತ್ರಿಕೆಗಳನ್ನು ತಿದ್ದುತ್ತ ಕೂತೆ. ನಾಲ್ಕೂ ಕಾಲರ ಹೊತ್ತಿಗೆ ಎದ್ದು ಇಪ್ಪತ್ತೆರಡು ತೆಗೆದು ಕಚೇರಿಯ ಹೆಸರು ಹೇಳಿದೆ. ಆ ಕಡೆಯಿಂದ ಗುರುತು ತಟ್ಟಿತು. ನನ್ನ ಚೀಟಿಯ ಪ್ರಕಾರ ಮೂರು, ಒಂದು, ನಾಲ್ಕು ಬರಬೇಕಿತ್ತು. ಎರಡು, ಎರಡು, ಐದು ಬಂತು. ಮತ್ತೆ ಕೇಳಿದೆ. ಮತ್ತೆ ಎರಡು, ಎರಡು, ಐದು. ಇನ್ನೂ ಎರಡು ಸಲ ಕೇಳಿದೆ. ಕಚೇರಿಯವರು ಹಳೆಯ ಕದ ತೆಗೆದು ಹೊಸದು ಹಾಕಿಸಿರಬಹುದು, ಅಥವಾ ನಡುವೆ ಬೇರೆ ಯಾರೋ ಕಿವಿಯಿಟ್ಟು ಕಚೇರಿಯಂತೆ ತಟ್ಟುತ್ತಿರಬಹುದು. ಇಂಥದರಲ್ಲಿ ಏನು ಮಾಡಬೇಕೆಂದು ಪರೀಕ್ಷೆಯಲ್ಲಿ ಪ್ರತಿ ವರ್ಷವೂ ಒಂದು ಪ್ರಶ್ನೆ ಇರುತ್ತದೆ, ನನ್ನ ವಿದ್ಯಾರ್ಥಿಗಳು ಯಾರೂ ಅದನ್ನು ತಪ್ಪು ಮಾಡಿಲ್ಲ. ಕಿಂಡಿ ಮುಚ್ಚಬೇಕು. ನಡೆದು ಹೋಗಬೇಕು.

ಕಚೇರಿ ನಮ್ಮ ಮನೆಯಿಂದ ಸಾವಿರದ ನಾನೂರು ಮೀಟರು. ನಿಮಿಷಕ್ಕೆ ಎಂಬತ್ತು ಮೀಟರಿನಂತೆ ನಡೆಯುತ್ತೇನೆ. ಹದಿನೇಳೂವರೆ ನಿಮಿಷ. ಹೊತ್ತು ಕೇಳಿದಾಗ ನಾಲ್ಕು ಮೂವತ್ತೆಂಟು. ಐದಕ್ಕೆ ನಾಲ್ಕೂವರೆ ನಿಮಿಷ ಮೊದಲೇ ಅಲ್ಲಿರುತ್ತಿದ್ದೆ. ಈ ಲೆಕ್ಕವನ್ನು ಆಮೇಲೆ ಮಾಡಿದ್ದಲ್ಲ, ಗೋಡೆಯ ಮುಂದೆ ನಿಂತಾಗಲೇ ಮಾಡಿದ್ದೆ. ಹೊರಗೆ ಬಿಸಿಲಿತ್ತು. ಬೀದಿಯಲ್ಲಿ ಜನರಿರಲಿಲ್ಲ. ಈ ಹೊತ್ತಿನಲ್ಲಿ ಯಾರು ಕಿಂಡಿಯ ಹತ್ತಿರ ಇರುತ್ತಾರೆ ಎಂದುಕೊಂಡೆ. ಇಪ್ಪತ್ತಮೂರು ತೆಗೆದೆ.

"ನಾನು ಕುಮುದ, ಐದನೆಯ ಬೀದಿಯ ಕಾವಲು ತರಗತಿಯ ಶಿಕ್ಷಕಿ. ನನ್ನ ವಿದ್ಯಾರ್ಥಿ, ಮೂರನೆಯ ಬೀದಿಯ ತಿಪ್ಪೇಶಪ್ಪನವರಿಗೆ ಓದು ಬರಹ ಬಾರದ ಕಾರಣ ಹದಿನಾಲ್ಕನೆಯ ನಿಯಮದಂತೆ ಬಾಯಿಪರೀಕ್ಷೆಗೆ ಅವಕಾಶ ಕೊಡಬೇಕೆಂದು ಕೋರುತ್ತೇನೆ. ಅವರನ್ನು ನಾನೇ ತಯಾರು ಮಾಡಿದ್ದೇನೆ, ಓದು ಬಂದವರಿಗಿಂತ ಚೆನ್ನಾಗಿ ಉತ್ತರಿಸುತ್ತಾರೆ."

ಆ ಕಡೆ ನೋಂದಣಿ ಗುಮಾಸ್ತ ವೆಂಕೋಬರಾಯರು. ಲೇಖನಿ ಕಾಗದದ ಮೇಲೆ ಓಡುವ ಸದ್ದು ಕೇಳಿತು. "ಬರ್ಕೊಂಡೆ ಮೇಡಂ. ಮಂಜೂರಾಗುತ್ತೆ," ಎಂದರು. ಆಮೇಲೆ ದನಿ ತಗ್ಗಿಸಿ, "ಮೇಡಂ, ಇದು ಇಪ್ಪತ್ಮೂರಲ್ವಾ?" ಎಂದರು.

ಕಿಂಡಿಯಿಂದ ಮುಖ ತೆಗೆದೆ. ಅಷ್ಟರಲ್ಲಿ ಅದೇ ಕಿಂಡಿಯಲ್ಲಿ ದಾರಿಯುದ್ದದ ಮನೆಗಳಿಂದ ಸಣ್ಣ ಸಣ್ಣ ಸದ್ದುಗಳು ಬರತೊಡಗಿದವು. ಒಂದು ಕೆಮ್ಮು. ಯಾರೋ ಯಾರಿಗೋ ಏನೋ ಪಿಸುಗುಟ್ಟಿದ್ದು. ಪಾತ್ರೆಯೊಂದನ್ನು ನಿಧಾನವಾಗಿ ಕೆಳಗಿಟ್ಟ ಸದ್ದು. ಆಮೇಲೆ ನಾನು ಒಳಗೆ ಹೋಗಿ ಕೂತೆ. ಚಿಲಕ ಹಾಕಲು ಮರೆತಿದ್ದೆ.

ಹನ್ನೆರಡರ ಬೆಳಿಗ್ಗೆ ತಿಪ್ಪೇಶಪ್ಪನವರು ಎಂದಿನ ಹೊತ್ತಿಗೇ ರೌಂಡಿಗೆ ಬಂದರು. ಬರುವುದಿಲ್ಲವೇನೋ ಎಂದುಕೊಂಡಿದ್ದೆ, ಬಾರದಿರಲಿ ಎಂದು ಬಯಸಿಯೂ ಇದ್ದೆ. ಅವರು ಎದುರು ಮನೆಯ ಜಗಲಿಯಲ್ಲಿದ್ದಾಗ ಆ ಮನೆಯ ಯಜಮಾನರು ಒಳಗಿನಿಂದಲೇ, "ತಿಪ್ಪೇಶಪ್ಪಾರೆ, ಇವತ್ತಿನ ಪೇಪರ್ನಾಗೆ ಏನೈತೆ ಒಸಿ ಓದಿ ಹೇಳಿ ಮತ್ತೆ," ಎಂದರು. ಒಳಗೆ ಇಬ್ಬರು ಮೂವರು ನಕ್ಕರು. ತಿಪ್ಪೇಶಪ್ಪನವರು ಆ ಮನೆಯ ಕಿಂಡಿಗಳನ್ನೆಲ್ಲ ಒಂದೂ ಬಿಡದೆ ತಟ್ಟಿ ಮುಗಿಸಿ, ಬೀದಿ ದಾಟಿ ನಮ್ಮ ಜಗಲಿ ಹತ್ತಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

ಅವರು ಇಪ್ಪತ್ತಮೂರರ ಚಿಲಕ ಹಾಕಿದರು. ಗೆಣ್ಣಿನಿಂದ ತಟ್ಟಿ ನೋಡಿದರು. "ಮೇಡಮ್ಮೋರೆ, ಇದು ನಿನ್ನೆಯಿಂದ ತೆಗೆದೇ ಇತ್ತು. ಹಾಕಿದೀನಿ," ಎಂದರು. ಅಷ್ಟೇ. ಮುಂದಿನ ಮನೆಗೆ ಹೋದರು. ತರಗತಿಗೆ ಮತ್ತೆ ಬರಲಿಲ್ಲ.

ಐದು ದಿನ ಬಿಟ್ಟು ಮೂರನೆಯ ಬೀದಿಗೆ ಹೋದೆ, ಅವರು ರೌಂಡಿನಲ್ಲಿರುವ ಹೊತ್ತು ನೋಡಿಕೊಂಡು. ಇದನ್ನೂ ಬರೆದೇ ಬಿಡಬೇಕು: ಕ್ಷಮೆ ಕೇಳಲು ಹೋದವಳು ಯಾರನ್ನು ಕೇಳಬೇಕಿತ್ತೋ ಅವರು ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಹೋದೆ. ಅವರ ಹೆಂಡತಿ ಓಬಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಬನ್ನಿ ಎಂದರು, ಚಾಪೆ ಹಾಕಿದರು, ನೀರು ಕೊಟ್ಟರು. ಗೋಡೆಯಲ್ಲಿ ಇಪ್ಪತ್ತಮೂರು ಹಾಕಿತ್ತು. ಚಿಲಕದ ಮೇಲೆ ಒಂದು ದಾರವನ್ನೂ ಬಿಗಿದು ಕಟ್ಟಿದ್ದರು.

"ನೀರು ಬಿಟ್ಟಿದ್ದು ಗೊತ್ತಾಗುತ್ತಾ ಈಗ?" ಎಂದೆ, ಬೇರೇನು ಹೇಳಬೇಕೋ ತಿಳಿಯದೆ.

"ಪಕ್ಕದ ಮನೇರು ಕೂಗ್ತಾರೆ," ಎಂದರು. ಕಾಯಿ ಸುಲಿಯುತ್ತಲೇ ಇದ್ದರು. ತಲೆಯೆತ್ತದೆ ಹೇಳಿದರು: "ಮೂವತ್ತು ವರ್ಷ ಕಣಮ್ಮ, ದಿನಾ ಓದಿ ಹೇಳೋರು. ಯಾರ ಮನೇಲಿ ಮಗು ಹುಟ್ತು, ಯಾವ ಬೀದಿಗೆ ದೀಪ ಬಂತು, ಎಲ್ಲ. ಒಂದು ದಿನಾನೂ ಸುಳ್ಳಾಗಲಿಲ್ಲ. ಪೇಪರ್ನಾಗೆ ನಮ್ಮೂರಿನ ಸುದ್ದಿ ಎಷ್ಟೊಂದು ಬರುತ್ತಲ್ಲ ಅಂತ ನಾನು ಖುಷಿಯಾಗಿದ್ದೆ."

"ಅವರು ಹೇಳಿದ್ದು ನಿಜಾನೇ ಓಬಮ್ಮನೋರೆ. ಈಗ್ಲೂ ಹೇಳಬಹುದಲ್ಲ."

"ಹೇಳಿ ಅಂದೆ. ಮೊನ್ನೆ ಪೇಪರ್ ನಾನೇ ತಂದು ಕೈಗೆ ಕೊಟ್ಟೆ. ಅದನ್ನ ಮಡಿಚಿ ತೊಡೆ ಮೇಲಿಟ್ಕೊಂಡು ಕೂತ್ರು, ದೀಪ ಹಚ್ಚೋವರೆಗೂ. ಬಾಯಿ ಬರಲಿಲ್ಲ ಅವರಿಗೆ." ಕಾಳುಗಳನ್ನು ಮೊರದಿಂದ ಪಾತ್ರೆಗೆ ಸುರಿದರು. "ನಿಲ್ಲಿಸಿಬಿಟ್ಟಿದೀವಿ ಈಗ, ಪೇಪರ್ ತರ್ಸೋದು."

ನಾನು ಹೊರಡುವಾಗ ಜಗಲಿಯ ಮೆಟ್ಟಿಲವರೆಗೂ ಬಂದರು. ಬೈದಿದ್ದರೆ ಚೆನ್ನಾಗಿತ್ತು. "ಒಳ್ಳೇದು ಮಾಡೋಕೆ ಹೋದ್ರಿ ನೀವು," ಎಂದರು. ಆ ಮಾತಿನೊಂದಿಗೆ ಐದನೆಯ ಬೀದಿಯವರೆಗೆ ನಡೆದು ಬಂದೆ. ಕಚೇರಿಯ ಕಡೆಯಿಂದ ಸುತ್ತಿ ಬರುತ್ತ, ಅಲ್ಲಿಂದ ನಮ್ಮ ಮನೆಯವರೆಗಿನ ಮನೆಗಳನ್ನು ಎಣಿಸಿಕೊಂಡು ಬಂದೆ. ಅರವತ್ತೆರಡು.

ಒಳ್ಳೆಯದು ಮಾಡಲು ಹೋದೆ ಎಂಬುದನ್ನು ನಾನೂ ನಂಬಲು ಯತ್ನಿಸಿದ್ದೆ. ಆದರೆ ಹದಿನಾಲ್ಕನೆಯ ನಿಯಮಕ್ಕೆ ಬೇಕಾದದ್ದು ಎರಡು ವಿಷಯ: ಶಿಕ್ಷಕರ ಹೆಸರು, ಅಭ್ಯರ್ಥಿಯ ಕೋರಿಕೆ. ಮೊದಲ ಎರಡು ವಾಕ್ಯದಲ್ಲಿ ಅದು ಮುಗಿದಿತ್ತು. ಮೂರನೆಯ ವಾಕ್ಯವನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ಅವರನ್ನು ನಾನೇ ತಯಾರು ಮಾಡಿದ್ದೇನೆ. ಇಪ್ಪತ್ತೆರಡರಲ್ಲಿ, ವೆಂಕೋಬರಾಯರೊಬ್ಬರ ಕಿವಿಗೆ, ಆ ವಾಕ್ಯವನ್ನು ಹೇಳುತ್ತಿದ್ದೆನೇ? ಇಲ್ಲ. ಅದು ಅರವತ್ತೆರಡು ಮನೆಗಳಿಗಾಗಿ ಹೇಳಿದ್ದು. ಓದು ಬಾರದವರನ್ನೂ ಗೆಲ್ಲಿಸುವ ಶಿಕ್ಷಕಿ ಎಂದು ನಾಲ್ಕು ಜನರಿಗೆ ಕೇಳಿಸಲಿ ಎಂಬ ಆಸೆ ನನ್ನ ನಾಲಿಗೆಯ ಹಿಂದೆ ಎಲ್ಲೋ ಕೂತಿತ್ತು. ಬಿಸಿಲು, ಬದಲಾದ ಗುರುತು, ತೀರಿಹೋಗುತ್ತಿದ್ದ ಹೊತ್ತು, ಎಲ್ಲವೂ ಅದಕ್ಕೆ ಒದಗಿದ ನೆಪ. ಇದನ್ನು ನಾನು ತಿಪ್ಪೇಶಪ್ಪನವರಿಗೆ ಹೇಳಿಲ್ಲ, ಓಬಮ್ಮನವರಿಗೂ ಹೇಳಿಲ್ಲ.

ಮಾರ್ಚ್ ಮೂವತ್ತು, ಭಾನುವಾರ, ಪರೀಕ್ಷೆ. ಕಚೇರಿಯ ಹಿಂದಿನ ಸಣ್ಣ ಕೋಣೆಯಲ್ಲಿ ಬಾಯಿಪರೀಕ್ಷೆಗೆ ಒಂದು ಕುರ್ಚಿ ಹಾಕಿ ಇಬ್ಬರು ಪರೀಕ್ಷಕರು ಕಾದಿದ್ದರು. ನನಗೆ ದೊಡ್ಡ ಹಾಲಿನ ಮೇಲ್ವಿಚಾರಣೆ. ಹತ್ತಕ್ಕೆ ಐದು ನಿಮಿಷವಿರುವಾಗ ತಿಪ್ಪೇಶಪ್ಪನವರು ಇಸ್ತ್ರಿ ಅಂಗಿ, ಜೇಬಿನ ಪೆನ್ನು, ಕನ್ನಡಕ ಸಮೇತ ಬಂದು, ಸಣ್ಣ ಕೋಣೆಯ ಬಾಗಿಲು ದಾಟಿ, ದೊಡ್ಡ ಹಾಲಿಗೇ ಬಂದರು. ವೆಂಕೋಬರಾಯರು ಹಿಂದೆಯೇ ಓಡಿ ಬಂದು, "ಯಜಮಾನ್ರೇ, ನಿಮ್ದು ಆ ಕಡೆ," ಎಂದರು.

"ಇಲ್ಲ ಸ್ವಾಮಿ, ಎಲ್ಲರ ಜೊತೆ ಬರೀತೀನಿ," ಎಂದು ಜಬೀನಾಳ ಹಿಂದಿನ ಮೇಜಿನಲ್ಲಿ ಕೂತರು.

ಪ್ರಶ್ನೆಪತ್ರಿಕೆ ಹಂಚಿದವಳು ನಾನೇ. ಅವರ ಮೇಜಿನ ಮೇಲಿಡುತ್ತ ಬಾಗಿದೆ. "ತಿಪ್ಪೇಶಪ್ಪನೋರೆ, ದಯವಿಟ್ಟು ಆ ಕೋಣೆಗೆ ಹೋಗಿ. ನಿಮಗೆ ಎಲ್ಲಾ ಉತ್ತರ ಗೊತ್ತಿದೆ," ಎಂದು ಮೆಲ್ಲಗೆ ಹೇಳಿದೆ.

"ಗೊತ್ತಿರೋದು ನಂಗೂ ಗೊತ್ತೈತೆ," ಎಂದರು. "ಅಲ್ಲಿ ಹೋದ್ರೆ ಗೆದ್ದ ಮೇಲೂ ಬಾಯಿಪರೀಕ್ಷೆ ತಿಪ್ಪೇಶಪ್ಪ ಅಂತಾರೆ. ಇಲ್ಲಿ ಸೋತ್ರೆ ಸೋತ ಅಂತಾರೆ ಅಷ್ಟೇ. ಎಲ್ಲರೂ ಸೋಲ್ತಾರೆ."

ತೊಂಬತ್ತು ನಿಮಿಷ ಅವರು ಕೂತರು. ಪ್ರತಿ ಸಾಲಿನ ಮೇಲೂ ಬೆರಳು ಎಳೆದರು. ಎಲ್ಲರೂ ಹಾಳೆ ತಿರುಗಿಸುವ ಹೊತ್ತಿಗೆ ತಾವೂ ತಿರುಗಿಸಿದರು. ನಡುವೆ ಒಮ್ಮೆ ಪೆನ್ನಿನ ತುದಿಯನ್ನು ತುಟಿಗಿಟ್ಟು ಚಾವಣಿ ನೋಡಿದರು, ಉತ್ತರ ನೆನಪು ಮಾಡಿಕೊಳ್ಳುವವರು ನೋಡುವ ಹಾಗೆಯೇ. ಗಂಟೆ ಹೊಡೆದಾಗ ಪತ್ರಿಕೆಯನ್ನು ನೀಟಾಗಿ ಮಡಿಚಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ.

ಜಬೀನಾ ಎಂಬತ್ತೇಳು ಅಂಕ ತೆಗೆದಳು. ತಿಪ್ಪೇಶಪ್ಪನವರ ಬೀದಿಗಳು ಅವಳಿಗೆ ಬಂದವು. ಬೀಗದಕೈ ಗೊಂಚಲು ತೆಗೆದುಕೊಳ್ಳುವಾಗ ಅವಳು ಅತ್ತಳಂತೆ. ಕಾಕಾ ಒಂದು ವಾರ ಜೊತೆಯಲ್ಲಿ ಬಂದು ತೋರಿಸಿಕೊಟ್ಟರೆ ಮಾತ್ರ ಮುಟ್ಟುತ್ತೇನೆ ಎಂದು ಹಟ ಹಿಡಿದಳು. ಹಾಗಾಗಿ ಏಪ್ರಿಲ್ ಮೊದಲ ವಾರ ಇಬ್ಬರೂ ಒಟ್ಟಿಗೆ ಬೀದಿಯಲ್ಲಿ ಬರುತ್ತಿದ್ದರು. ನಾಲ್ಕನೆಯ ತಾರೀಕು ನಮ್ಮ ಜಗಲಿಗೆ ಬಂದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಬರುವ ಧೈರ್ಯವಾಗಲಿಲ್ಲ.

"ಕಣ್ಣು ಮುಚ್ಚು," ಎಂದು ಅವರು ಅವಳಿಗೆ ಹೇಳುವುದು ಕೇಳಿಸಿತು.

"ನಂಬರು ಗೋಡೆ ಮೇಲೆ ಬರ್ದಿದಾರಲ್ಲ ಕಾಕಾ, ಕಣ್ಣು ಯಾಕೆ ಮುಚ್ಚಲಿ?"

"ಬಣ್ಣ ಅಳಿಸಿ ಹೋಗ್ತೈತೆ. ಮುಚ್ಚಮ್ಮ. ಮೂಲೆಯಿಂದ ಏಳು ಗೇಣು ಬಾ. ಹಾಂ, ಇದು ಇಪ್ಪತ್ತೆರಡು. ಇಲ್ಲಿಂದ ನನ್ನ ಕೈಲಿ ನಾಲ್ಕು ಬೆರಳು, ಒಂದು ಹೆಬ್ಬೆರಳು. ನಿಂದು ಸಣ್ಣ ಕೈ, ಒಂದು ಬೆರಳು ಜಾಸ್ತಿ ಇಟ್ಕೋ. ಇದು ಇಪ್ಪತ್ಮೂರು."

"ಇಷ್ಟು ಹತ್ರ?"

"ಹತ್ರಾನೇ. ಇಲ್ಲಿ ಹುಷಾರು. ಎಂಥೋರಿಗೂ ಕೈ ತಪ್ತೈತೆ," ಎಂದರು. ದನಿಯಲ್ಲಿ ಕೊಂಕಿರಲಿಲ್ಲ. ನಾನು ಬಾಗಿಲ ಹಿಂದಿರುವುದು ಅವರಿಗೆ ಗೊತ್ತಿತ್ತೆಂದು ನನ್ನ ಅಂದಾಜು. ಕೈ ತಪ್ಪಿತೆಂದು ಹೇಳಿ ನನಗೊಂದು ದಾರಿ ಬಿಟ್ಟುಕೊಟ್ಟರು. ಚಿಲಕ ತಟ್ಟಿ ನೋಡಿ ಇಬ್ಬರೂ ಮುಂದಿನ ಮನೆಗೆ ಹೋದರು.

ಅವರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಕಾದು, ಕಾಲೇಜಿನ ದಿನಗಳಿಂದ ಇಟ್ಟುಕೊಂಡಿದ್ದ ಉಕ್ಕಿನ ಅಳತೆಪಟ್ಟಿಯನ್ನು ತೆಗೆದುಕೊಂಡು ಜಗಲಿಗೆ ಬಂದೆ. ಕೈ ತಪ್ಪಲು ಸಾಧ್ಯವಿತ್ತೇ ಎಂದು ಇಪ್ಪತ್ತೆರಡರ ಬಲ ಅಂಚಿನಿಂದ ಇಪ್ಪತ್ತಮೂರರ ಎಡ ಅಂಚಿಗೆ ಮೂರು ಸಲ ಅಳೆದೆ. ಮೂರು ಸಲವೂ ಒಂದೇ ಬಂತು. ಹನ್ನೊಂದು ಸೆಂಟಿಮೀಟರು ನಾಲ್ಕು ಮಿಲಿಮೀಟರು, ಅರ್ಧ ಮಿಲಿಮೀಟರು ಆಚೀಚೆ.